ಆಟದ ಅಂಗಳದ ಒಡೆತನ ಯಾರದು?



ಜನ ಕೂಡಿ ನಲಿಯುವ ತಾಣಗಳನ್ನು ದೊಡ್ಡ ಕಂಪನಿಗಳು ಕೊಂಡಾಗ ಊರಿನ ಬದುಕಿಗೆ ಏನಾಗುತ್ತದೆ? ಈ ವಿಚಾರ ಸಂಕಿರಣ ಎತ್ತಿಕೊಂಡ ಪ್ರಶ್ನೆ ಇದು.

ನಮ್ಮ ನೆಲದಿಂದಲೇ ಶುರು ಮಾಡೋಣ. ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇಬ್ಬರ ಊರುಗಳೂ ಗೋಕಾಕ ಸೀಮೆಯವು. ಬಯಲಾಟದ ಕಸುವನ್ನು ಹೊಸ ರಂಗಭೂಮಿಗೆ ತಂದ ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು. ಪಾರಿಜಾತದ ರಾತ್ರಿ ಜನ ಕಂಬಳಿ ಹೊದ್ದು ಬಯಲಲ್ಲಿ ಕೂಡುತ್ತಾರೆ. ಸತ್ಯಭಾಮೆಯ ಹಾಡು ಹಿಡಿಸಿತೆಂದರೆ ‘ಮತ್ತೊಮ್ಮೆ’ ಎನ್ನುತ್ತಾರೆ, ಹಾಡು ಮತ್ತೊಮ್ಮೆ ಏಳುತ್ತದೆ. ಆಟ ಯಾವತ್ತು, ಎಷ್ಟು ಹೊತ್ತು, ಯಾರನ್ನು ಕರೆಸಬೇಕು ಎಂಬುದನ್ನೆಲ್ಲ ಊರವರೇ ಕೂತು ತೀರ್ಮಾನಿಸುತ್ತಾರೆ. ಒಡೆತನವೆಂದರೆ ಈ ತೀರ್ಮಾನದ ಹಕ್ಕು.

ಟಾಕೀಜಿಗೆ ಗೇಟಿತ್ತು, ಟಿಕೆಟ್ಟಿತ್ತು. ಆದರೂ ಮಾಲೀಕ ಊರಿನವನೇ. ಜಾತ್ರೆ ಯಾವಾಗ, ಕಬ್ಬಿನ ಬಿಲ್ಲು ಯಾವಾಗ ಬರುತ್ತದೆ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಇನ್ನೊಂದು ಕಡೆ ಮಲ್ಟಿಪ್ಲೆಕ್ಸ್ ಸರಪಳಿಗಳನ್ನು ನೋಡಿ. ಐನಾಕ್ಸ್ 2010ರಲ್ಲಿ ಫೇಮ್ ಅನ್ನು, ಪಿವಿಆರ್ 2012ರಲ್ಲಿ ಸಿನೆಮ್ಯಾಕ್ಸ್ ಅನ್ನು, 2018ರಲ್ಲಿ ಎಸ್‌ಪಿಐ ಸಿನಿಮಾಸ್ ಅನ್ನು ಕೊಂಡವು. 2023ರಲ್ಲಿ ಕೊಂಡವರಿಬ್ಬರೂ ಒಂದಾದರು. ಇತ್ತ ಬೆಂಗಳೂರಿನ ಗಾಂಧಿನಗರದಲ್ಲಿ ಸಾಗರ್, ತ್ರಿಭುವನ್, ಕಪಾಲಿ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿದವು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ದರದ ಚರ್ಚೆ ಹೀಗೆ ನೋಡುಗನ ಕೈಗೆಟುಕದ ಜಾಗಕ್ಕೆ ಹೋಯಿತು.

ಚೆಂಡು ಉರುಳಿಸಿ ಪಿನ್ನು ಕೆಡವುವ ಬೌಲಿಂಗ್ ಅಂಗಳಗಳ ಕಥೆ ಇನ್ನೂ ಸ್ಪಷ್ಟ. ಅಮೆರಿಕದ ಎಎಂಎಫ್ ಸರಪಳಿಯನ್ನು 1996ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ನೇತೃತ್ವದ ಹೂಡಿಕೆದಾರರು ಸಾಲದ ಬಲದ ಮೇಲೆ ಕೊಂಡರು, 2001ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ನಮ್ಮ ದೇಶದಲ್ಲಿ ಪಿವಿಆರ್ ತನ್ನ ಬೌಲಿಂಗ್ ವ್ಯವಹಾರ ಬ್ಲೂಓ ಅನ್ನು 2017ರಲ್ಲಿ ಸ್ಮ್ಯಾಶ್ ಕಂಪನಿಗೆ ಮಾರಿತು. ಮುಂದೆ ಸ್ಮ್ಯಾಶ್ ಕೂಡ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಕೊಳ್ಳಲು ಮಾಡಿದ ಸಾಲದ ಬಡ್ಡಿ ಕೊನೆಗೆ ಆಡಲು ಬಂದವರ ದುಡ್ಡಿನಿಂದಲೇ ತೀರಬೇಕು. ದರ ಏರುವುದು, ಅಗ್ಗದ ಸಂಜೆಗಳು ಹೋಗುವುದು ಹೀಗೆಯೇ.

ಬಂಡವಾಳ ಬೇಡ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕುರ್ಚಿ, ಶುದ್ಧ ಶೌಚಾಲಯ, ಹೆಣ್ಣುಮಕ್ಕಳು ನಿರ್ಭಯವಾಗಿ ಬಂದು ಹೋಗುವ ವ್ಯವಸ್ಥೆ ನಮಗೂ ಬೇಕು. ಅದಕ್ಕೆ ಒಡೆತನವನ್ನೇ ಬಿಟ್ಟುಕೊಡಬೇಕೆ? ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ಹುಟ್ಟಿತು. ವಿದ್ಯುತ್ತಿನಂಥ ಭಾರಿ ವ್ಯವಹಾರವನ್ನೇ ಸದಸ್ಯರ ಸಂಘವಾಗಿ ನಡೆಸಿದ ಸೀಮೆ ಒಂದು ಚಿತ್ರಮಂದಿರವನ್ನು, ಒಂದು ರಂಗಮಂದಿರವನ್ನು, ಒಂದು ಆಟದ ಮನೆಯನ್ನು ನಡೆಸಲಾರದೇ?

ಮುಂದಿನ ಗೋಷ್ಠಿಗಳಿಗೆ ಮೂರು ಕೆಲಸ ಒಪ್ಪಿಸುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ಉಳಿದಿರುವ ಟಾಕೀಜು, ರಂಗಮಂದಿರ, ಗರಡಿಮನೆಗಳ ಪಟ್ಟಿ ಮಾಡಿ, ಒಡೆಯರು ಯಾರೆಂದು ದಾಖಲಿಸಿ. ಅವು ಮಾರಾಟಕ್ಕೆ ಬಂದಾಗ ಊರಿನ ಸಹಕಾರಿ ಸಂಘಕ್ಕೆ ಮೊದಲ ಅವಕಾಶ ಸಿಗುವಂಥ ನಿಯಮದ ಕರಡು ಬರೆಯಿರಿ. ಪಾರಿಜಾತದ ಮೇಳಗಳಿಗೆ ಆ ಅಂಗಳಗಳಲ್ಲಿ ವರ್ಷಕ್ಕೆ ಇಂತಿಷ್ಟು ರಾತ್ರಿ ಮೀಸಲಿಡುವ ದಾರಿ ಹೇಳಿ. ಸಂಕಿರಣ ಮುಗಿಯುವ ಹೊತ್ತಿಗೆ ಆ ಕರಡು ನಮ್ಮ ಪುರಸಭೆ, ನಗರಸಭೆಗಳ ಮೇಜಿಗೆ ಹೋಗುವಂತಾಗಲಿ ಎಂಬುದೇ ನನ್ನ ಆಶಯ.