ಬೊಂಬಾಯಿಗೆ ಹೋದವನ ಸಂತತಿ
(ಪವಾಯಿಯಲ್ಲಿ ರಾಜ್ಯೋತ್ಸವದ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯಲ್ಲಿ ನಾಡಿನ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಬಲ್ಲವರು ಈಗಾಗಲೇ ಮಾಡಿಯಾಗಿದೆ. ನಾನು ಒಂದು ಸಣ್ಣ ಸಂಗತಿಯನ್ನಷ್ಟೇ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಕುಟುಂಬದವರ ಹೆಸರುಪಟ್ಟಿಯೊಂದನ್ನು ಅಚ್ಚು ಹಾಕಿಸಬೇಕೆಂದು ನಾಲ್ಕು ವರ್ಷದಿಂದ ಓಡಾಡುತ್ತಿದ್ದೇನೆ. ಆ ಓಡಾಟದ ಕಥೆ ಇದು.

ಬಯಲುಸೀಮೆಯ ಬಂಧುಗಳಿಗೆ ಈ ಶ್ರಮ ವಿಚಿತ್ರವಾಗಿ ಕಾಣಬಹುದು. ಅವರ ಊರುಗಳಿಗೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸಿಕೊಂಡು ಬಂದು, ಮನೆಯ ಮುಂದೆ ಅಜ್ಜ ಮುತ್ತಜ್ಜಂದಿರ ಹೆಸರನ್ನು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವುದು ಅವರ ಕುಲವೃತ್ತಿ. ಕರಾವಳಿಯ ನಮಗೆ ಆ ಭಾಗ್ಯವಿಲ್ಲ. ನಮ್ಮ ವಂಶಾವಳಿ ಇರುವುದು ಮುದುಕಿಯರ ನಾಲಗೆಯಲ್ಲಿ ಮತ್ತು ವಕೀಲರ ಕಪಾಟಿನಲ್ಲಿ.

ಸಮುದ್ರದಾಚೆಗೆ ನೋಡಿದರೆ, ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಫ್ರೆಂಚರು ಈ ವಿಷಯದಲ್ಲಿ ಬಹಳ ಅನುಕೂಲಸ್ಥರು. ಹದಿನೇಳನೆಯ ಶತಮಾನದಿಂದಲೂ ಅವರ ಇಗರ್ಜಿಯ ಪಾದ್ರಿಗಳು ಜನನ, ಮದುವೆ, ಮರಣಗಳನ್ನು ಬರೆದಿಡುತ್ತ ಬಂದರು. ತಾಂಗೆ ಎಂಬ ಪಾದ್ರಿಯೊಬ್ಬರು ಆ ಕಡತಗಳನ್ನೆಲ್ಲ ಅರಸಿ 1871ರಿಂದ 1890ರವರೆಗೆ ಏಳು ಸಂಪುಟಗಳ ವಂಶಕೋಶವನ್ನೇ ಹೊರತಂದರು. ಹೆಂಗಸು ಮದುವೆಯಾದರೂ ಆ ಕಡತಗಳಲ್ಲಿ ಅವಳ ತೌರಿನ ಹೆಸರೇ ಉಳಿಯುತ್ತದೆಯಂತೆ. ಅಲ್ಲಿ ಒಂದೇ ಮನೆತನಕ್ಕೆ ಎರಡೆರಡು ಹೆಸರುಗಳಿದ್ದು ಹುಡುಕುವವರು ತಲೆ ಕೆರೆದುಕೊಳ್ಳುತ್ತಾರೆಂದು ಓದಿದಾಗ ನನಗೆ ಸಮಾಧಾನವಾಯಿತು. ಊರಿನಲ್ಲಿ ಗುತ್ತಿನ ಹೆಸರು, ಬಳಿಯ ಹೆಸರು, ಮನೆಯ ಹೆಸರು ಎಲ್ಲ ಇದ್ದವನು ಮುಂಬಯಿಯ ಹೋಟೆಲಿನ ಹಾಜರಿ ಪುಸ್ತಕದಲ್ಲಿ ಬರಿಯ ‘ಶೆಟ್ಟಿ’ಯಾಗುವುದನ್ನು ನಾವು ಕಂಡವರಲ್ಲವೇ?

ನಮ್ಮದು ಅಳಿಯಸಂತಾನದ ಕುಟುಂಬ. ಅಂದರೆ ಗೆರೆ ಇಳಿಯುವುದು ಹೆಣ್ಣಿನಿಂದ. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು ಸೇರಿ ಒಂದು ‘ಕವರು’. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯೂ ಈ ಮಾತನ್ನೇ ಹೇಳಿತು. ಗಂಡಸಿನ ಮಕ್ಕಳು ಅವನ ಹೆಂಡತಿಯ ಕುಟುಂಬಕ್ಕೆ ಸೇರಿದವರು. ಅವನಿಗೆ ಹತ್ತು ಮಕ್ಕಳಿದ್ದರೂ ತನ್ನ ಕುಟುಂಬದ ಕಡತದಲ್ಲಿ ಅವನ ಗೆರೆ ಅವನಲ್ಲಿಯೇ ನಿಂತುಬಿಡುತ್ತದೆ. ಇದರಿಂದ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಆ ಮಕ್ಕಳ ಹೆಸರು ಇನ್ನೊಂದು ಕುಟುಂಬದ ಕಡತದಲ್ಲಿ ಇದ್ದೇ ಇರುತ್ತಿತ್ತು. ಊರು ಬಿಟ್ಟು ಬಂದ ಮೇಲೆ ಈ ಲೆಕ್ಕ ತಪ್ಪಿತು.

1956ನೆಯ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮ ಮೂಲಮನೆ ಗಡಿಯ ಈಚೆಗೆ ಉಳಿಯಿತು, ಒಂದು ಕವರಿನ ಮನೆ ಆಚೆಗಾಯಿತು. ಉಳಿದವರಲ್ಲಿ ಹೆಚ್ಚಿನವರು ಆ ಹೊತ್ತಿಗಾಗಲೇ ಇಲ್ಲಿಗೆ ಬಂದಿದ್ದರು. ಹೀಗೆ ಒಂದೇ ಕುಟುಂಬದ ಹೆಸರುಗಳನ್ನು ನಾನು ಮೂರು ರಾಜ್ಯಗಳಲ್ಲಿ, ಮೂರು ಲಿಪಿಗಳಲ್ಲಿ ಹುಡುಕಬೇಕಾಯಿತು. ಇಲ್ಲಿಯ ಮುನಿಸಿಪಾಲಿಟಿಯ ಜನನಪತ್ರ ಮಗುವನ್ನು ತಂದೆಯ ಹೆಸರಿಗೆ ಜೋಡಿಸುತ್ತಿತ್ತು. ನಮ್ಮ ಮನೆಯ ಹಳೆಯ ಪಟ್ಟಿ ತಾಯಿಯ ಹೆಸರಿಗೆ. ಎರಡನ್ನೂ ಎದುರಿಗಿಟ್ಟುಕೊಂಡರೆ ಅದೇ ಮನುಷ್ಯ ಇಬ್ಬರಾಗಿ ಕಾಣುತ್ತಾನೆ.

ಮನೆಯ ಪಟ್ಟಿಯಲ್ಲಿ ನನ್ನ ಅಜ್ಜಿಯ ತಮ್ಮನ ಹೆಸರಿನ ಮುಂದೆ ಎರಡೇ ಮಾತು: ‘ಬೊಂಬಾಯಿ. ಸಂತತಿ ಇಲ್ಲ.’ 1938ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಮಂಗಳೂರಿನಿಂದ ಹಡಗು ಹತ್ತಿ ಬಂದವರು ಅವರು. ಕೋಟೆಯ ಹೋಟೆಲೊಂದರಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಅಕ್ಷರ ಕಲಿತರೆಂದು ಅಜ್ಜಿ ಹೇಳುತ್ತಿದ್ದರು. ಆಮೇಲಿನದು ಅವರಿಗೂ ತಿಳಿಯದು.

ಎರಡು ವರ್ಷದ ಹಿಂದೆ, ಇಲ್ಲಿಯೇ ಹೀಗೆ ನಾವೆಲ್ಲ ಕೂಡಿದ್ದಾಗ, ನನ್ನ ಈ ಹುಚ್ಚಿನ ಸುದ್ದಿ ಕೇಳಿದ ಒಬ್ಬ ಹೆಂಗಸು ಬಿಸ್ಕತ್ತಿನ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದರು. ಒಳಗೆ ಮನಿಯಾರ್ಡರಿನ ಸ್ವೀಕೃತಿ ಚೀಟಿಗಳು. ಹಣ ಮುಟ್ಟಿದ ಮೇಲೆ ಕಳಿಸಿದವನಿಗೆ ಮರಳಿ ಬರುತ್ತಿತ್ತಲ್ಲ, ಆ ತುಂಡು. ಎಂಟು ರೂಪಾಯಿ, ಹತ್ತು ರೂಪಾಯಿ, ಒಮ್ಮೆ ಇಪ್ಪತ್ತೈದು. ವಿಳಾಸದಲ್ಲಿ ನಮ್ಮ ಮೂಲಮನೆಯ ಹೆಸರು, ಕನ್ನಡದ ದಪ್ಪ ಅಕ್ಷರದಲ್ಲಿ. ಸಹಿಯ ಜಾಗದಲ್ಲಿ ನನ್ನ ಅಜ್ಜಿಯ ತಾಯಿಯ ಹೆಬ್ಬೆಟ್ಟು. ಕೊನೆಯ ಚೀಟಿ 1957ರದು. ಮುತ್ತಜ್ಜಿ ತೀರಿಕೊಂಡದ್ದು ಅದೇ ವರ್ಷ. ಆ ಹೆಬ್ಬೆಟ್ಟಿನ ಗುರುತನ್ನು ನೋಡುತ್ತ ನಾನು ಬಹಳ ಹೊತ್ತು ಸುಮ್ಮನಿದ್ದೆ.

ಆಕೆ ಅವರ ಮಗಳು. ವಯಸ್ಸಿನಲ್ಲಿ ನನ್ನ ಸರೀಕರು, ಸಂಬಂಧದಲ್ಲಿ ನನಗೆ ಅತ್ತೆ. ತಾಯಿ ರತ್ನಾಗಿರಿಯ ಕಡೆಯ ಮರಾಠಿ ಹೆಂಗಸು. ಈಗ ತಾವು ಆಲೋಚಿಸಿ ನೋಡಿ: ತಂದೆಯ ಕಡೆಯವರು ತಾಯಿಯಿಂದ ಲೆಕ್ಕ ಹಿಡಿಯುವವರು, ತಾಯಿಯ ಕಡೆಯವರು ತಂದೆಯಿಂದ. ಆದ್ದರಿಂದ ಈಕೆಯ ಹೆಸರು ಎರಡು ಕಡೆಯ ಪಟ್ಟಿಯಲ್ಲಿಯೂ ಇಲ್ಲ. ಅವರಿಗೆ ನಮ್ಮ ಬಳಿಯಿಲ್ಲ, ಬೇರೆ ಬಳಿಯೂ ಇಲ್ಲ. ತಂದೆ ತಾಯಂದಿರ ಸ್ಥಾನ ಅದಲುಬದಲಾಗಿದ್ದರೆ ಎರಡರಲ್ಲಿಯೂ ಇರುತ್ತಿದ್ದರು!

ನಾನು ಊರಿಗೆ ಹೋಗಿ ಯಜಮಾನರಾದ ಸೋದರಮಾವನ ಮುಂದೆ ಈ ಹೆಸರನ್ನು ಓದಿದೆ. ಅವರು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಅಲ್ಲ ಮಾರಾಯ, ನಾಳೆ ಇದನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ?”

“ಮಾವ, ಇದು ಆಸ್ತಿಯ ಪಟ್ಟಿಯಲ್ಲ.”

“ಅದು ನೀನು ಹೇಳುವುದು. ಜಡ್ಜು ಹೇಳಬೇಕಲ್ಲ!”

ಮಾವನ ಮಾತು ಹುರುಳಿಲ್ಲದ್ದಲ್ಲ. ವ್ಯಾಜ್ಯ ಹುಟ್ಟುವ ಮೊದಲು ವಂಶಾವಳಿಯಲ್ಲಿ ಬರೆದಿಟ್ಟ ಸಂಬಂಧದ ಮಾತು, ಬರೆದವನು ಕಾಲವಾದ ಮೇಲೂ ಸಾಕ್ಷ್ಯಕ್ಕೆ ಬರುತ್ತದೆಂದು 1872ರ ಕಾಯಿದೆ ಹೇಳಿತ್ತು. 2024ರ ಜುಲೈಯಿಂದ ಅದರ ಸ್ಥಾನಕ್ಕೆ ಬಂದ ಹೊಸ ಕಾಯಿದೆಯೂ ಅದನ್ನು ಬಿಟ್ಟಿಲ್ಲ. ಅದಲ್ಲದೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಯಾದ ಮೇಲೆ, ಅಳಿಯಸಂತಾನದ ಗಂಡಸು ತೀರಿಕೊಂಡರೆ ಕುಟುಂಬದ ಆಸ್ತಿಯಲ್ಲಿ ಅವನ ಅಂಶವು ಅವನ ಮಕ್ಕಳಿಗೂ ಇಳಿಯುತ್ತದೆ. ಅಜ್ಜಿಯ ತಮ್ಮ ತೀರಿಕೊಂಡದ್ದು 1971ರಲ್ಲಿ. ಮೂಲಮನೆ, ಬೈಲಿನ ಗದ್ದೆ ಇನ್ನೂ ಪಾಲಾಗಿಲ್ಲ. ಅವರಿಗೊಂದು ಅಂಶ ಹೋದರೆ ನನ್ನದೂ ಅಷ್ಟು ಕಿರಿದಾಗುವುದು. ಇದನ್ನು ತಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಆಕೆಯನ್ನೇ ಕೇಳಿದೆ. “ಅತ್ತೆ, ಗದ್ದೆಯ ವಿಷಯ ಏನೆನ್ನುತ್ತೀರಿ?” ಬೇಡ ಎನ್ನುವರೆಂದು ಒಳಗೊಳಗೆ ಆಸೆಯಿತ್ತು. ಅವರು ಹೇಳಿದ್ದು ಇಷ್ಟೆ: “ಬೇಡ ಎಂದು ನಾನು ಹೇಳುವುದಿಲ್ಲ. ಮೊದಲು ಅಪ್ಪನ ಹೆಸರಿನ ಮುಂದೆ ಬರೆದದ್ದನ್ನು ಹೊಡೆದುಹಾಕಿ.”

ಹೊಡೆದುಹಾಕಿದ್ದೇನೆ. ಮಾವನಿಗೆ ಕಾಗದ ಬರೆದು ತಿಳಿಸಿಯೂ ಇದ್ದೇನೆ, ಉತ್ತರ ಬಂದಿಲ್ಲ. ಪಟ್ಟಿಯ ರೀತಿಯನ್ನೇ ಈಗ ಬದಲಾಯಿಸಿದೆ. ಪ್ರತಿಯೊಬ್ಬರಿಗೂ ತಾಯಿ, ತಂದೆ ಎಂದು ಎರಡು ಅಂಕಣ. ಗಂಡುಮಕ್ಕಳ ಮಕ್ಕಳಿಗೂ ಜಾಗ. ಇದರಿಂದ ಪುಸ್ತಕ ಇಮ್ಮಡಿಯಾಯಿತು, ಅಚ್ಚಿನ ಖರ್ಚೂ ಇಮ್ಮಡಿಯಾಯಿತು. ಬಳಿಯ ಹೆಸರಿಲ್ಲದ ಕಡೆ ಖಾಲಿ ಬಿಟ್ಟಿದ್ದೇನೆ. ಕರಡಚ್ಚನ್ನು ಅತ್ತೆಯೇ ನೋಡಿ, ತಾಯಿಯ ಹೆಸರಿನಲ್ಲಿ ನಾನು ಮಾಡಿದ್ದ ದೀರ್ಘದ ತಪ್ಪನ್ನು ತಿದ್ದಿಕೊಟ್ಟರು. ಕನ್ನಡ ಅಕ್ಷರವನ್ನು ಅವರಿಗೆ ತಂದೆ ಕಲಿಸಿದ್ದರು.

ಪವಾಯಿಯಲ್ಲಿ, ಭಾಂಡೂಪಿನಲ್ಲಿ, ಚಾಂದಿವಲಿಯಲ್ಲಿ ವಾಸವಾಗಿರುವ ತಮ್ಮಲ್ಲಿ ಒಂದು ಬಿನ್ನಹ. ನಮ್ಮ ಪಟ್ಟಿಯಲ್ಲಿ ಇನ್ನೂ ಮೂವರು ಹುಡುಗರ ಹೆಸರಿನ ಮುಂದೆ ‘ಬೊಂಬಾಯಿ’ ಎಂದಷ್ಟೇ ಇದೆ. ಬೇರೆ ಕುಟುಂಬಗಳಲ್ಲಿಯೂ ಇಂಥವರು ಇದ್ದಾರು. ಹಳೆಯ ರಸೀದಿ, ರಾತ್ರಿಶಾಲೆಯ ಸರ್ಟಿಫಿಕೇಟು, ಊರಿನ ವಿಳಾಸವಿರುವ ಕಾಗದ ಯಾರ ಮನೆಯಲ್ಲಿದ್ದರೂ ದಯಮಾಡಿ ರದ್ದಿಯವನಿಗೆ ಹಾಕಬೇಡಿ. ಸಭೆ ಮುಗಿದ ಮೇಲೆ ನಾನು ಬಾಗಿಲ ಬಳಿ ಇರುತ್ತೇನೆ, ನೋಟುಬುಕ್ಕು ತಂದಿದ್ದೇನೆ.