ಕೊಳಲು ಕಲಿಯುವವರಿಗೆ ಪಿಯಾನೊ ಬೇಕೆ?

ಮನೆಯಲ್ಲಿ ಮಗಳು ಪಾಶ್ಚಾತ್ಯ ಕೊಳಲು, ಅಂದರೆ ಫ್ಲೂಟು, ಕಲಿಯಲು ತೊಡಗಿ ಒಂದು ವರ್ಷವಾಗಿದೆ ಎಂದಿಟ್ಟುಕೊಳ್ಳಿ. ಉಪಾಧ್ಯಾಯರು ಒಂದು ದಿನ, ಇನ್ನು ಇವಳಿಗೆ ಸ್ವಲ್ಪ ಪಿಯಾನೊ ಕೂಡ ಹೇಳಿಸಿ ಎನ್ನುತ್ತಾರೆ. ತಂದೆತಾಯಿಗಳಿಗೆ ಯೋಚನೆ ಹತ್ತುತ್ತದೆ. ಶಾಲೆಯ ಪಾಠಗಳೆಲ್ಲ ಮುಗಿದ ಮೇಲೆ ಮಗುವಿಗೆ ಉಳಿಯುವುದೇ ಒಂದು ಗಂಟೆ. ಅದನ್ನೂ ಎರಡು ಪಾಲು ಮಾಡಿದರೆ ಎರಡು ವಿದ್ಯೆಗಳಲ್ಲಿ ಒಂದೂ ಕೈಗೆ ಹತ್ತದೆ ಹೋದೀತೆಂಬ ಭಯ. ಈ ಭಯ ಅಕಾರಣವಾದುದಲ್ಲ. ಆದುದರಿಂದಲೇ ಈ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಿಸಿ ನೋಡಬೇಕು.

ಮೊದಲು ಈ ಎರಡು ವಾದ್ಯಗಳ ಸ್ವಭಾವವನ್ನು ಗಮನಿಸಿ. ಫ್ಲೂಟಿನ ವ್ಯಾಪ್ತಿ ಸುಮಾರು 3 ಸ್ಥಾಯಿಗಳು. ಒಂದು ಸಲಕ್ಕೆ ನುಡಿಯುವುದು ಒಂದೇ ಸ್ವರ. ಅದನ್ನು ನುಡಿಸುವವರು ಓದುವುದೂ ಸ್ವರಲಿಪಿಯ ಒಂದೇ ಸಾಲನ್ನು. ಪಿಯಾನೊವಿಗೆ 88 ಮನೆಗಳು, 7 ಸ್ಥಾಯಿಗಳಿಗೂ ಮಿಗಿಲಾದ ಹರವು. ಹತ್ತು ಬೆರಳುಗಳೂ ಒಟ್ಟಿಗೆ ದುಡಿಯಬಲ್ಲವು. ಬಲಗೈಗೆ ಒಂದು ಸಾಲು, ಎಡಗೈಗೆ ಒಂದು ಸಾಲು. ಪಾಶ್ಚಾತ್ಯ ಸಂಗೀತದ ಕಟ್ಟಡವಾದರೋ ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನುಡಿಯುವ ಸ್ವರಮೇಳದ ಮೇಲೆ ನಿಂತಿದೆ. ಹೀಗಿರುವಾಗ ಬರಿಯ ಫ್ಲೂಟನ್ನೇ ಕಲಿತವರ ಸ್ಥಿತಿ, ಸೀರೆಯ ಅಂಚನ್ನು ಮಾತ್ರ ನೇಯ್ದು ಒಡಲನ್ನು ನೋಡದವರ ಸ್ಥಿತಿಯಂತೆ.

ಒಂದು ಉದಾಹರಣೆ ಹೇಳುತ್ತೇನೆ. ಬಾಖ್ ಮಹಾಶಯನು ಫ್ಲೂಟಿಗಾಗಿ ಬರೆದ ಬಿ ಮೈನರ್ ಸೊನಾಟಾ ಪ್ರಸಿದ್ಧವಾದುದು. ಅದರಲ್ಲಿ ಪಿಯಾನೊವಿಗಿಂತ ಹಿಂದಿನ ವಾದ್ಯವಾದ ಹಾರ್ಪ್ಸಿಕಾರ್ಡಿನ ಬಲಗೈ ಫ್ಲೂಟಿಗೆ ಸರಿಸಮನಾಗಿ ಮಾತನಾಡುತ್ತದೆ. ಎಡಗೈ ಕೆಳಗಿನಿಂದ ಆಧಾರ ಕೊಡುತ್ತದೆ. ಹಾಗಾಗಿ ಅಲ್ಲಿರುವುದು ಮೂವರ ಸಂಭಾಷಣೆ. ಪ್ರೊಕೊಫಿಯೆವ್ 1943ರಲ್ಲಿ, ಪುಲೆಂಕ್ 1957ರಲ್ಲಿ ರಚಿಸಿದ ಫ್ಲೂಟ್ ಸೊನಾಟಾಗಳಲ್ಲಿಯೂ ಪಿಯಾನೊ ಬರಿಯ ಪಕ್ಕವಾದ್ಯವಲ್ಲ, ಪಾಲುದಾರ. ವಿದ್ಯಾರ್ಥಿಯು ತನ್ನ ಪಾಠದ ಎಡಗೈ ಸಾಲನ್ನು ಒಂದೇ ಬೆರಳಿನಿಂದ, ನಿಧಾನವಾಗಿಯಾದರೂ ಒಮ್ಮೆ ನುಡಿಸಿ ನೋಡಲಿ. ವಾಕ್ಯ ಎಲ್ಲಿ ನಿಲ್ಲುತ್ತದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಯಾವ ಸ್ವರದ ಮೇಲೆ ಭಾರ ಬೀಳಬೇಕು ಎಂಬುದು ಅವಳಿಗೇ ಹೊಳೆಯುತ್ತದೆ.

ಈ ಸಲಹೆ ಹೊಸತೂ ಅಲ್ಲ. ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನಿಗೆ ಫ್ಲೂಟ್ ಹೇಳಿಕೊಟ್ಟ ಕ್ವಾಂಟ್ಸ್ ಎಂಬ ವಿದ್ವಾಂಸನು 1752ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಫ್ಲೂಟಿನಲ್ಲಿ ಮುಂದೆ ಬರಬೇಕೆನ್ನುವವರು ಸ್ವರಮೇಳದ ತಿಳಿವಳಿಕೆಯನ್ನೂ ಹಾಡುಗಾರಿಕೆಯನ್ನೂ ಸಂಪಾದಿಸಿಕೊಳ್ಳಬೇಕೆಂಬುದು ಅವನ ಮತ. ಆ ಕಾಲದಲ್ಲಿ ಸ್ವರಮೇಳದ ಅಭ್ಯಾಸ ನಡೆಯುತ್ತಿದ್ದುದು ಮನೆಗಳನ್ನು ಒತ್ತಿ ನುಡಿಸುವ ವಾದ್ಯಗಳ ಮೇಲೆಯೇ.

ಹೀಗೆಂದ ಮಾತ್ರಕ್ಕೆ ಪಿಯಾನೊ ಎಲ್ಲವನ್ನೂ ಕಲಿಸೀತೆಂದು ತಿಳಿಯಬಾರದು. ಉಸಿರಿನ ಹತೋಟಿ, ತುಟಿಯ ಹದ, ನಾದದ ಮಾಧುರ್ಯ ಇವನ್ನು ಅದು ಕಲಿಸಲಾರದು. ಶ್ರುತಿಯ ವಿಷಯದಲ್ಲಂತೂ ಎಚ್ಚರ ಬೇಕು. ಫ್ಲೂಟನ್ನು ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಮೆಲ್ಲನೆ ಊದಿದರೆ ಇಳಿಯುತ್ತದೆ. ಕಿವಿಯಿಟ್ಟು ಸರಿಪಡಿಸಿಕೊಳ್ಳುತ್ತಲೇ ಇರಬೇಕು. ಪಿಯಾನೊ ನುಡಿಸುವವರಿಗೆ ಆ ಶ್ರಮವಿಲ್ಲ. ಮೇಲಾಗಿ ಅದರ ಶ್ರುತಿಯೂ ಒಂದು ಬಗೆಯ ರಾಜಿಯೇ. ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನು 100 ಪಾಲು ಮಾಡಿದರೆ, ಪಿಯಾನೊವಿನ ಅಂತರಗಾಂಧಾರ ಶುದ್ಧವಾದ ಗಾಂಧಾರಕ್ಕಿಂತ ಸುಮಾರು 14 ಪಾಲು ಮೇಲಿರುತ್ತದೆ. ಕಿವಿಯನ್ನು ಅದಕ್ಕೇ ಒಪ್ಪಿಸಿಬಿಡುವುದು ಕ್ಷೇಮವಲ್ಲ.

ಇನ್ನು ನಮ್ಮ ಬಿದಿರಿನ ಕೊಳಲಿನ ಮಾತು. ಕರ್ನಾಟಕ ಸಂಗೀತದಲ್ಲಿ ಸ್ವರಮೇಳದ ಕಟ್ಟಡವಿಲ್ಲ. ರಾಗದ ಜೀವ ಸ್ವರಗಳ ನಡುವಿನ ಗಮಕದಲ್ಲಿದೆ. ಎರಡು ಮನೆಗಳ ನಡುವೆ ಪಿಯಾನೊ ಏನನ್ನೂ ನುಡಿಯಲಾರದು. ಹಾರ್ಮೋನಿಯಂ ಕುರಿತು ಇದೇ ಆಕ್ಷೇಪಣೆ ಬಂದುದರಿಂದ 1940ರಲ್ಲಿ ರೇಡಿಯೋ ಅದನ್ನು ದೂರವಿಟ್ಟಿತು; ಆ ನಿಷೇಧ ಸಡಿಲವಾದದ್ದು 1971ರಲ್ಲಿ. ನಮ್ಮ ಕೊಳಲಿನ ವಿದ್ಯಾರ್ಥಿಗೆ ಬೇಕಾದ ಎರಡನೆಯ ವಿದ್ಯೆ ಹಾಡುಗಾರಿಕೆ. ಮಾಲಿ ಎಂದು ಹೆಸರಾದ ಟಿ. ಆರ್. ಮಹಾಲಿಂಗಂ ಅವರ ಕೊಳಲು ಹಾಡಿದಂತೆಯೇ ಕೇಳುತ್ತಿತ್ತೆಂಬುದು ರಸಿಕರಿಗೆ ತಿಳಿದ ಸಂಗತಿ.

ಹಾಗಾದರೆ ಪಿಯಾನೊ ಕಲಿತವರ ಕಿವಿ ನಮ್ಮ ಸಂಗೀತಕ್ಕೆ ಕೆಟ್ಟೇಹೋಗುತ್ತದೆಯೆ? ಹಾಗೂ ಇಲ್ಲ. ಮೈಸೂರಿನ ಜಯಚಾಮರಾಜ ಒಡೆಯರೇ ಇದಕ್ಕೆ ಸಾಕ್ಷಿ. ಪಿಯಾನೊವಿನಲ್ಲಿ ಪರಿಶ್ರಮವಿದ್ದ ಅವರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಅದೇ ಕೈಗಳು ವೀಣೆಯನ್ನೂ ಹಿಡಿದುವು. 94 ಕರ್ನಾಟಕ ಕೃತಿಗಳೂ ಅವರಿಂದ ರಚಿತವಾದುವು. ಒಂದು ವಿದ್ಯೆ ಇನ್ನೊಂದನ್ನು ಕೊಲ್ಲಲಿಲ್ಲ. ಆದರೆ ಪಿಯಾನೊ ಒಂದೇ ಅವರನ್ನು ವಾಗ್ಗೇಯಕಾರರನ್ನಾಗಿ ಮಾಡಲಿಲ್ಲ ಎಂಬುದನ್ನೂ ಮರೆಯಬಾರದು; ಅದಕ್ಕೆ ವೀಣೆಯೂ ವಿದ್ವಾಂಸರ ಸಹವಾಸವೂ ಬೇಕಾದುವು.

ಆದುದರಿಂದ ನನ್ನ ಸಲಹೆ ಇಷ್ಟು. ಎರಡನೆಯ ವಾದ್ಯವನ್ನು ಆರಿಸುವಾಗ, ಮೊದಲನೆಯದರಲ್ಲಿ ಏನು ಕೊರತೆ ಎಂದು ಕೇಳಿಕೊಳ್ಳಿ. ಫ್ಲೂಟಿನಲ್ಲಿ ತುಟಿ ನೆಲೆನಿಂತ ಮೇಲೆ, ಗಂಟೆಯಲ್ಲಿ 45 ನಿಮಿಷ ಫ್ಲೂಟಿಗೇ ಇರಲಿ. 15 ನಿಮಿಷ ಪಿಯಾನೊವಿಗೆ ಸಾಕು. ದೊಡ್ಡ ಪಿಯಾನೊ ಕೊಳ್ಳಬೇಕಾದ್ದಿಲ್ಲ. ವಿದ್ಯುತ್ತಿನ ಸಣ್ಣ ಕೀಬೋರ್ಡು ಈ ಕೆಲಸಕ್ಕೆ ಆಗುತ್ತದೆ. ಅದರ ಮೇಲೆ ಪರೀಕ್ಷೆಯ ಭಾರವನ್ನು ಹೊರಿಸಬೇಡಿ. ಅಂದಿನ ಫ್ಲೂಟ್ ಪಾಠದ ಕೆಳಸಾಲನ್ನು ಮಗಳು ಬೆರಳಿನಿಂದ ನುಡಿಸುತ್ತ, ಮೇಲಿನ ಸಾಲನ್ನು ಬಾಯಲ್ಲಿ ಹಾಡಲಿ. ಮರುದಿನ ಫ್ಲೂಟು ಹಿಡಿದಾಗ ಕೆಳಗಿನ ಆ ಸ್ವರಗಳು ಅವಳ ಮನಸ್ಸಿನಲ್ಲಿ ನುಡಿಯುತ್ತಿದ್ದರೆ, ಆ ಕಾಲು ಗಂಟೆ ವ್ಯರ್ಥವಾಗಲಿಲ್ಲವೆಂದು ನೀವು ಧಾರಾಳವಾಗಿ ನಂಬಬಹುದು.