ನದಿಯ ಕೊನೆಗೆ ನೀರು: ಬೆಲೆ ತೆತ್ತವರು ಯಾರು?



ನಾಲೆಯ ಕೊನೆ ಭಾಗದ ಜಮೀನಿಗೆ ನೀರು ಮುಟ್ಟದಿದ್ದರೆ ಏನಾಗ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಡೀ ನದಿಯ ಕೊನೆಗೇ ನೀರು ಮುಟ್ಟದೆ ಹೋದ ಕಥೆ ಇದು, ಚೀನಾ ದೇಶದ್ದು. ದೂರದ್ದು ಅಂತ ಬಿಡಬೇಡಿ, ಅಲ್ಲಿ ಸಿಕ್ಕಿಬಿದ್ದವನೂ ರೈತನೇ.

ಹೆಯ್‌ಹೆ, ಅಂದರೆ ಕಪ್ಪು ನದಿ, ಚೀಲಿಯನ್ ಬೆಟ್ಟಗಳಲ್ಲಿ ಹುಟ್ಟುತ್ತದೆ. ಸಮುದ್ರ ಸೇರುವುದಿಲ್ಲ. ಗಾನ್ಸು ಪ್ರಾಂತ್ಯದ ಝಾಂಗ್ಯೆ ಬಯಲಿನ ಹೊಲಗಳಿಗೆ ನೀರುಣಿಸಿ, ಒಳ ಮಂಗೋಲಿಯಾದ ಎಜಿನಾ ಮರುಭೂಮಿಯ ಎರಡು ಸರೋವರಗಳಲ್ಲಿ ಮುಗಿಯುತ್ತದೆ. ಎಜಿನಾದಲ್ಲಿ ವರ್ಷಕ್ಕೆ 50 ಮಿಲಿಮೀಟರ್ ಮಳೆಯೂ ಇಲ್ಲ. ನದಿ ಬಂದರೆ ಬದುಕು, ಇಲ್ಲದಿದ್ದರೆ ಮರಳು.

ಝಾಂಗ್ಯೆಯಲ್ಲಿ ಅಚ್ಚುಕಟ್ಟು ಬೆಳೀತಾ ಹೋಯಿತು. ಪಶ್ಚಿಮ ಜೂಯಾನ್ ಸರೋವರ 1961ರಲ್ಲಿ, ಪೂರ್ವದ್ದು 1992ರಲ್ಲಿ ಬತ್ತಿತು. ಅಂತರ್ಜಲ ಕುಸಿದು ಪಾಪ್ಲರ್ ಕಾಡು ಒಣಗಿತು, ಕುರಿ ಒಂಟೆಗಳ ಮೇವು ಹೋಯಿತು, ಧೂಳಿನ ಬಿರುಗಾಳಿ ಎದ್ದಿತು.

ಸರ್ಕಾರ ಆಗ ಪಾಲು ಗೊತ್ತು ಮಾಡಿತು. ಬೆಟ್ಟದಿಂದ ಸಾಧಾರಣ ವರ್ಷದಲ್ಲಿ 158 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 56 ಟಿಎಂಸಿ, ಬಂದರೆ ಅದರಲ್ಲಿ 95 ಕೋಟಿ, ಅಂದರೆ 33 ಟಿಎಂಸಿಗೂ ಹೆಚ್ಚು, ಕೆಳಕ್ಕೆ ಬಿಡಬೇಕು. 2000ದಿಂದ ಇದು ಜಾರಿಗೆ ಬಂತು. ನೀರು ಬಿಡುವ ದಿನಗಳಲ್ಲಿ ನಡುಭಾಗದ ತೂಬುಗಳನ್ನೆಲ್ಲ ಒಟ್ಟಿಗೆ ಮುಚ್ಚಿಸಿದರು. 2002ರಲ್ಲಿ ಪೂರ್ವ ಸರೋವರಕ್ಕೆ ನೀರು ಮುಟ್ಟಿತು.

ಫಲ ಸುಳ್ಳಲ್ಲ. ನದಿ ಪಾತ್ರದ ಆಸುಪಾಸಿನಲ್ಲಿ ಅಂತರ್ಜಲ ಮೇಲೆ ಬಂತು, ಸಾಯುತ್ತಿದ್ದ ಮರಗಳು ಚಿಗುರಿದವು, ಜೊಂಡು ಬೆಳೆಯಿತು, ಹಕ್ಕಿಗಳು ಬಂದವು. ಪಾತ್ರದಿಂದ ದೂರ ಹೋದಷ್ಟೂ ಫಲ ಕಡಿಮೆ. ಇನ್ನೊಂದು ಮಾತು: ಬೇರಿಗೆ ನೀರು ಸಿಕ್ಕರೆ ಹಳೇ ಮರ ಉಳೀತದೆ, ಆದರೆ ಪಾಪ್ಲರ್ ಬೀಜ ಮೊಳೆಯೋದು ನೆರೆ ಹರಡಿದ ಹಸಿ ಮಣ್ಣಿನಲ್ಲಿ, ಅದೂ ಬೀಜ ಉದುರುವ ಕಾಲಕ್ಕೆ ನೆರೆ ಬಂದರೆ. ತಪ್ಪಿದ ಕಾಲದಲ್ಲಿ ಬಿಟ್ಟ ನೀರಿನಿಂದ ಮುದಿ ಕಾಡು ಉಳಿಯುತ್ತದೆ, ಎಳೇ ಕಾಡು ಹುಟ್ಟುವುದಿಲ್ಲ.

ಈಗ ಝಾಂಗ್ಯೆಗೆ ಬನ್ನಿ. 2002ರಲ್ಲಿ ಅದನ್ನು ನೀರು ಉಳಿಸುವ ಮಾದರಿ ಊರು ಮಾಡಿದರು. ರೈತನ ಕೈಗೆ ನೀರಿನ ಹಕ್ಕುಪತ್ರ, ನೀರಿನ ಚೀಟಿ. ನಾಲೆಗಳಿಗೆ ಸಿಮೆಂಟು. ಆದರೆ ಹೊಲ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕಂಪನಿಗಳಿಗೆ ಬೀಜದ ಮುಸುಕಿನ ಜೋಳ ಬೆಳೆಯುವ ಸೀಮೆ ಅದು. ಆ ಬೆಳೆಗೆ ಒಂದು ಸರದಿ ನೀರು ತಪ್ಪಿದರೆ ಪೈರೂ ಹೋಯಿತು, ಕರಾರೂ ಹೋಯಿತು. ತೂಬು ಮುಚ್ಚಿದಾಗ ರೈತ ಏನು ಮಾಡ್ತಾನೆ? ನೀವು ಮಾಡೋದನ್ನೇ: ಬಾವಿ ಕೊರೆಸ್ತಾನೆ. ಸಿಮೆಂಟು ನಾಲೆಯಿಂದ ನೆಲಕ್ಕೆ ಇಂಗುವ ನೀರೂ ನಿಂತಿತ್ತು. ಅದನ್ನೇ "ಉಳಿತಾಯ" ಅಂದರು! ಎಷ್ಟೋ ಕಡೆ ಅಂತರ್ಜಲ ಇಳಿಯಿತು. ಎಜಿನಾದ ನೆಲದಡಿ ಏರಿದ ನೀರಿನ ಲೆಕ್ಕ ಬರೆಯುವವರು ಝಾಂಗ್ಯೆಯ ನೆಲದಡಿ ಇಳಿದದ್ದನ್ನೂ ಅದೇ ಪುಟದಲ್ಲಿ ಬರೀಬೇಕು.

ಕೊನೆಯವರಿಗೆ ನೀರು ಕೊಡಬಾರದು ಅಂತ ನಾನು ಹೇಳ್ತಿಲ್ಲ. ನದಿಯ ಕೊನೆಗೂ ಪಾಲುಂಟು. ಆದರೆ ಮೇಲಿನ ರೈತನ ಪಾಲು ಕಡಿಯುವ ಮುಂಚೆ, ಕಡಿಮೆ ನೀರು ಕೇಳುವ ಬೆಳೆಗೆ ಬೆಲೆ ಕಟ್ಟಿಕೊಡಬೇಕು, ಬೀಳು ಬಿಟ್ಟ ಹೊಲಕ್ಕೆ ಪರಿಹಾರ ಕೊಡಬೇಕು. ಎಜಿನಾದ ಪಾಪ್ಲರ್ ಎಲೆ ಹಳದಿಯಾಗೋದನ್ನು ನೋಡಲಿಕ್ಕೆ ಈಗ ಪ್ರತಿ ಅಕ್ಟೋಬರ್‌ನಲ್ಲಿ ಪ್ರವಾಸಿಗಳ ಜಾತ್ರೆ ಸೇರ್ತದೆ. ಆ ದುಡ್ಡಿನಲ್ಲಿ ತೂಬು ಮುಚ್ಚಿಸಿಕೊಂಡವನಿಗೆ ಎಷ್ಟು ಅಂತ ಕೇಳೋದು ತಪ್ಪೇ?